ಲ್ಯಾಬ್‌ನಲ್ಲಿ ಎಚ್‌ಐವಿ ಸತ್ತರೆ ಔಷಧಿ ಸಿಕ್ಕಿದಂತೆಯೇ? ಗರ್ಟ್ರೂಡ್ ಎಲಿಯನ್ ಬದುಕು ಕೊಡುವ ಉತ್ತರ

ಎಚ್‌ಐವಿಗೆ ಮನೆಮದ್ದು ಸಿಕ್ಕಿದೆ, ಲ್ಯಾಬ್‌ನಲ್ಲಿ ಸಾಬೀತಾಗಿದೆ, ಇನ್ನು ಮಾತ್ರೆ ನುಂಗಬೇಕಿಲ್ಲ, ಎಲ್ಲರಿಗೂ ಕಳಿಸಿ ಎನ್ನುವ ಸಂದೇಶ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರಬಹುದು. ಒಂದು ಸಲ ಬಾಳೆಹಣ್ಣು, ಇನ್ನೊಂದು ಸಲ ಹಾಗಲಕಾಯಿ, ಮತ್ತೊಂದು ಸಲ ಬೇವು. ಕೊನೆಯಲ್ಲಿ ಯಾವುದೋ ವಿದೇಶಿ ವಿಶ್ವವಿದ್ಯಾಲಯದ ಹೆಸರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಟೊಮೆಟೊ ರೇಟು, ಮಾವಿನ ರೇಟುಗಳ ನಡುವೆ ಇಂಥದ್ದೂ ಒಂದು ಬಂದು ಕೂರುತ್ತದೆ.

ಇವೆಲ್ಲ ಪೂರ್ತಿ ಕಟ್ಟುಕಥೆಯಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಕೆಲವದರ ಹಿಂದೆ ನಿಜವಾದ ಸಂಶೋಧನೆಯೇ ಇರುತ್ತದೆ. ಬಾಳೆಹಣ್ಣಿನ ಒಂದು ಪ್ರೋಟೀನ್, ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳೊಳಗೆ ಎಚ್‌ಐವಿ ನುಗ್ಗದಂತೆ ತಡೆಯುತ್ತದೆ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಅಲ್ಲಿ ಯಾವ ರೋಗಿಯೂ ಬಾಳೆಹಣ್ಣು ತಿಂದು ವಾಸಿಯಾಗಿರಲಿಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿದ್ದ ಜೀವಕೋಶಗಳ ಮೇಲೆ ಶುದ್ಧಗೊಳಿಸಿದ ಪ್ರೋಟೀನ್ ಹಾಕಿ ನೋಡಿದ್ದರು, ಅಷ್ಟೇ. ಫೋನಿಂದ ಫೋನಿಗೆ ದಾಟುವಾಗ ತಟ್ಟೆ ಬಿಟ್ಟುಹೋಯಿತು, ಹಣ್ಣು ಉಳಿಯಿತು.

ಬಾಳೆಹಣ್ಣು ತಿಂದರೆ ನಷ್ಟವೇನು ಎಂದು ನೀವು ಕೇಳಬಹುದು. ಹಣ್ಣಿನಿಂದ ನಷ್ಟವಿಲ್ಲ, ಮಾತ್ರೆ ಬಿಡಿ ಎನ್ನುವ ಮಾತಿನಿಂದ ಇದೆ. ಇನ್ನೂರು ಜನರಿರುವ ಗುಂಪಿನಲ್ಲಿ ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿರುವ ಒಬ್ಬರು ಇದ್ದರೂ ನಮಗೆ ಗೊತ್ತಾಗುವುದಿಲ್ಲ. ಅವರು ಹೇಳಿಕೊಳ್ಳುವುದಿಲ್ಲ, ಸುಮ್ಮನೆ ಓದುತ್ತಾರೆ. ದಿನವೂ ತಪ್ಪದೆ ನುಂಗುವ ಮಾತ್ರೆಯನ್ನು ಅವರು ನಿಲ್ಲಿಸಿದರೆ, ಅಡಗಿದ್ದ ವೈರಸ್ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಏಳುತ್ತದೆ.

ಹಾಗಾದರೆ ತಟ್ಟೆಯಲ್ಲಿ ವೈರಸ್ ತಡೆದದ್ದು ಔಷಧಿಯಾಗಲು ಇನ್ನೇನು ಬೇಕು? ಈ ಪ್ರಶ್ನೆಯ ಬೆನ್ನು ಹತ್ತಿ ಸುಮಾರು 40 ವರ್ಷ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳ ಬದುಕನ್ನು ಇಲ್ಲಿ ಹೇಳುತ್ತೇವೆ. ಅವರ ಹೆಸರು ಗರ್ಟ್ರೂಡ್ ಎಲಿಯನ್.

ಮೊದಲು ಕೆಜಿಎಫ್‌ನ ಸೈನೈಡ್ ದಿಬ್ಬ

ಕೋಲಾರ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಸೈನೈಡ್ ದಿಬ್ಬಗಳು ಇವತ್ತಿಗೂ ನಿಂತಿವೆ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಮಣ್ಣನ್ನು ದಶಕಗಳ ಕಾಲ ಸುರಿದು ಆದ ಗುಡ್ಡಗಳು ಅವು. ಸೈನೈಡ್ ಎಂದರೆ ಏನು ಎಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಹೀಗೆ ಯೋಚಿಸಿ. ಎಚ್‌ಐವಿ ಸೋಂಕಿದ ಜೀವಕೋಶಗಳಿರುವ ತಟ್ಟೆಗೆ ಸೈನೈಡ್ ಹಾಕಿದೆವು ಎಂದುಕೊಳ್ಳೋಣ. ಕೆಲವು ದಿನ ಬಿಟ್ಟು ನೋಡಿದರೆ ಹೊಸ ವೈರಸ್ ಒಂದೂ ಹುಟ್ಟಿರುವುದಿಲ್ಲ. ಏಕೆಂದರೆ ವೈರಸ್ ತಾನಾಗಿ ಬೆಳೆಯಲಾರದು, ಅದಕ್ಕೆ ಬದುಕಿರುವ ಜೀವಕೋಶ ಬೇಕು. ಕೋಶವೇ ಸತ್ತರೆ ವೈರಸ್ ಎಲ್ಲಿ ಬೆಳೆಯಬೇಕು? ಲ್ಯಾಬ್‌ನಲ್ಲಿ ಎಚ್‌ಐವಿ ನಾಶ ಎಂದು ಬರೆದರೆ ಆ ವಾಕ್ಯ ಸುಳ್ಳಲ್ಲ. ಆದರೆ ಸೈನೈಡನ್ನು ಔಷಧಿ ಎಂದು ಯಾರೂ ಕರೆಯುವುದಿಲ್ಲ.

ರಾಗಿ ಹೊಲಕ್ಕೆ ಕಳೆನಾಶಕ ಹೊಡೆಯುವ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಕಳೆ ಸಾಯಬೇಕು, ರಾಗಿ ಉಳಿಯಬೇಕು. ಎರಡೂ ಒಣಗಿಹೋದರೆ ಕಳೆ ಹೋಯಿತೆಂದು ಯಾರೂ ಖುಷಿಪಡುವುದಿಲ್ಲ. ವೈರಸ್ ವಿಷಯದಲ್ಲಿ ಇದು ಇನ್ನೂ ಕಷ್ಟ. ಕಳೆ ಇರುವುದು ರಾಗಿಯ ಪಕ್ಕದಲ್ಲಿ, ವೈರಸ್ ಇರುವುದು ನಮ್ಮ ಕೋಶದ ಒಳಗೆ. ಒಂದನ್ನು ಮುಟ್ಟದೆ ಇನ್ನೊಂದನ್ನು ಹೊಡೆಯುವುದು ಹೇಗೆ?

ತಾತನ ಸಾವು, ಕೈಕೊಟ್ಟ ಕಾಲ

ಎಲಿಯನ್ ಹುಟ್ಟಿದ್ದು 1918ರ ಜನವರಿ 23ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ಲಿಥುವೇನಿಯಾದಿಂದ ವಲಸೆ ಬಂದು ಹಲ್ಲಿನ ಡಾಕ್ಟರಾದವರು. ತಾಯಿ ಈಗಿನ ಪೋಲೆಂಡ್‌ಗೆ ಸೇರಿದ ಪ್ರದೇಶದಿಂದ ಚಿಕ್ಕ ವಯಸ್ಸಿನಲ್ಲೇ ಬಂದವರು. ಮನೆಯಲ್ಲಿ ಓದಿಗೆ ಬೆಲೆ ಇತ್ತು. 1929ರಲ್ಲಿ ಷೇರುಪೇಟೆ ಕುಸಿದಾಗ ತಂದೆಯ ಉಳಿತಾಯವೆಲ್ಲ ಕರಗಿಹೋಯಿತು.

ಅವರಿಗೆ 15 ವರ್ಷವಾಗಿದ್ದಾಗ, ತುಂಬ ಹಚ್ಚಿಕೊಂಡಿದ್ದ ತಾತ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ನೋವಿನಲ್ಲಿ ನರಳುತ್ತಿದ್ದ ಅವರಿಗೆ ಕೊಡಲು ಆಗ ಯಾವ ಔಷಧಿಯೂ ಇರಲಿಲ್ಲ. ಅದೇ ವರ್ಷ ಕಾಲೇಜು ಸೇರುವಾಗ ಹುಡುಗಿ ಏನು ಓದಬೇಕೆಂದು ನಿರ್ಧರಿಸಿದ್ದರು. ಪ್ರಾಣಿಗಳನ್ನು ಕೊಯ್ಯುವುದು ಇಷ್ಟವಿಲ್ಲದ್ದರಿಂದ ಜೀವಶಾಸ್ತ್ರ ಬಿಟ್ಟು ರಸಾಯನಶಾಸ್ತ್ರ ಹಿಡಿದರು. ಶುಲ್ಕವಿಲ್ಲದ ಹಂಟರ್ ಕಾಲೇಜಿನಲ್ಲಿ ಓದಿ, 1937ರಲ್ಲಿ, 19ನೇ ವಯಸ್ಸಿಗೆ, ಅತ್ಯುನ್ನತ ದರ್ಜೆಯಲ್ಲಿ ಪದವಿ ಪಡೆದರು.

ಆಮೇಲೆ ಬಾಗಿಲುಗಳು ಮುಚ್ಚಿಕೊಂಡವು. ಮುಂದೆ ಓದಲು ಅರ್ಜಿ ಹಾಕಿದ ಕಡೆಯಲ್ಲೆಲ್ಲ ಧನಸಹಾಯ ಸಿಗಲಿಲ್ಲ. ಲ್ಯಾಬ್‌ಗಳಲ್ಲಿ ಹೆಂಗಸರಿಗೆ ಕೆಲಸವಿರಲಿಲ್ಲ. ಒಂದು ಕಡೆಯಂತೂ, ಈ ಹುಡುಗಿ ಇದ್ದರೆ ಕೆಲಸ ಮಾಡುವ ಗಂಡಸರ ಗಮನ ಕೆಡುತ್ತದೆ ಎಂದು ಕಾರಣ ಕೊಟ್ಟು ವಾಪಸು ಕಳಿಸಿದರು. ಅವರು ಕೆಲವು ವಾರ ಟೈಪಿಂಗ್ ಕಲಿಯಲು ಹೋದರು, ನರ್ಸ್‌ಗಳಿಗೆ ಪಾಠ ಹೇಳಿದರು, ಒಬ್ಬ ರಸಾಯನ ವಿಜ್ಞಾನಿಯ ಬಳಿ ಸಂಬಳವಿಲ್ಲದೆ ದುಡಿದರು. ಹಗಲು ಹೈಸ್ಕೂಲ್ ಮಕ್ಕಳಿಗೆ ಪಾಠ, ರಾತ್ರಿ ಮತ್ತು ವಾರಾಂತ್ಯದಲ್ಲಿ ಲ್ಯಾಬ್ ಕೆಲಸ ಹೀಗೆ ನಡೆಸಿ 1941ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಎಂಎಸ್‌ಸಿ ಮುಗಿಸಿದರು.

ಅದೇ 1941ರಲ್ಲಿ ಅವರು ಮದುವೆಯಾಗಬೇಕಿದ್ದ ಯುವಕ, ಹೃದಯದ ಒಳಪದರಕ್ಕೆ ತಗುಲಿದ ಬ್ಯಾಕ್ಟೀರಿಯಾ ಸೋಂಕಿನಿಂದ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ ಬಳಕೆಗೆ ಬಂದು ಆ ಕಾಯಿಲೆಗೆ ಚಿಕಿತ್ಸೆ ಸಾಧ್ಯವಾಯಿತು. ಎಲಿಯನ್ ಮತ್ತೆ ಮದುವೆಯಾಗಲಿಲ್ಲ. ಔಷಧಿ ಒಂದಷ್ಟು ಮುಂಚೆ ಬಂದಿದ್ದರೆ ಒಂದು ಜೀವ ಉಳಿಯುತ್ತದೆ ಎನ್ನುವುದು ಅವರಿಗೆ ಪುಸ್ತಕದಲ್ಲಿ ಓದಿದ ಮಾತಾಗಿರಲಿಲ್ಲ.

ಎರಡನೇ ಮಹಾಯುದ್ಧಕ್ಕೆ ಗಂಡಸರು ಹೊರಟುಹೋದಾಗ ಲ್ಯಾಬ್‌ಗಳಿಗೆ ಕೆಲಸದವರು ಬೇಕಾದರು. ಎಲಿಯನ್‌ಗೆ ಮೊದಲು ಸಿಕ್ಕಿದ್ದು ದಿನಸಿ ಕಂಪನಿಯೊಂದರ ಲ್ಯಾಬ್. ಉಪ್ಪಿನಕಾಯಿಯಲ್ಲಿ ಹುಳಿ ಎಷ್ಟಿದೆ, ಮೇಯೊನೀಸ್‌ಗೆ ಹಾಕುವ ಮೊಟ್ಟೆಯ ಹಳದಿ ಸರಿಯಾದ ಬಣ್ಣದ್ದೇ ಎಂದು ಪರೀಕ್ಷಿಸುವ ಕೆಲಸ. ಕಲಿಯುವುದು ಮುಗಿಯಿತು ಎನಿಸಿದಾಗ ಅದನ್ನೂ ಬಿಟ್ಟರು. 1944ರಲ್ಲಿ ನ್ಯೂಯಾರ್ಕ್ ಬಳಿಯ ಟಕಾಹೋ ಎಂಬಲ್ಲಿದ್ದ ಬರೋಸ್ ವೆಲ್ಕಮ್ ಔಷಧಿ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಗೆ ಸಹಾಯಕಿಯಾಗಿ ಸೇರಿದರು. ಪಿಎಚ್‌ಡಿ ಮಾಡಲು ರಾತ್ರಿ ತರಗತಿಗೂ ಹೋಗುತ್ತಿದ್ದರು. ಪೂರ್ತಿ ಸಮಯ ಓದಿಗೆ ಬನ್ನಿ, ಇಲ್ಲವೇ ಬಿಡಿ ಎಂದು ಕಾಲೇಜಿನವರು ಹೇಳಿದಾಗ ಕೆಲಸವನ್ನೇ ಆರಿಸಿಕೊಂಡರು. ಅವರಿಗೆ ಓದಿ ಪಡೆದ ಪಿಎಚ್‌ಡಿ ಕೊನೆಯವರೆಗೂ ಇರಲಿಲ್ಲ.

ಕೊಂಡಿಯಿಲ್ಲದ ಬೋಗಿ

ಆ ಕಾಲದಲ್ಲಿ ಹೊಸ ಔಷಧಿ ಹುಡುಕುವುದೆಂದರೆ ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದಾಗಿತ್ತು. ಹಿಚಿಂಗ್ಸ್ ಮತ್ತು ಎಲಿಯನ್ ಬೇರೆ ದಾರಿ ಹಿಡಿದರು. ಬ್ಯಾಕ್ಟೀರಿಯಾ, ಕ್ಯಾನ್ಸರ್ ಕೋಶ, ವೈರಸ್ ಯಾವುದೇ ಆಗಲಿ, ಹೆಚ್ಚಬೇಕಾದರೆ ತನ್ನ ಆನುವಂಶಿಕ ವಸ್ತುವನ್ನು ನಕಲು ಮಾಡಲೇಬೇಕು. ಆ ನಕಲಿಗೆ ಕೆಲವು ಬಗೆಯ ರಾಸಾಯನಿಕ ತುಂಡುಗಳು ಬೇಕು. ನೋಡಲು ಆ ತುಂಡಿನಂತೆಯೇ ಇರುವ, ಆದರೆ ಸ್ವಲ್ಪ ಬೇರೆಯಾದ ಇನ್ನೊಂದನ್ನು ಕೊಟ್ಟರೆ? ಶತ್ರು ಮೋಸಹೋಗಿ ಅದನ್ನೇ ತೆಗೆದುಕೊಂಡು ಕೆಲಸ ಕೆಡಿಸಿಕೊಳ್ಳಬೇಕು.

ಮಾರಿಕುಪ್ಪಂ ರೈಲನ್ನು ನೆನಪಿಸಿಕೊಳ್ಳಿ. ಒಂದು ಬೋಗಿಗೆ ಇನ್ನೊಂದು ಬೋಗಿಯನ್ನು ಕೊಂಡಿಯಿಂದ ಜೋಡಿಸುತ್ತಾ ಹೋಗುತ್ತಾರೆ. ನಡುವೆ ಮುಂದೆ ಮಾತ್ರ ಕೊಂಡಿಯಿರುವ, ಹಿಂದೆ ಇಲ್ಲದ ಬೋಗಿಯೊಂದನ್ನು ಸೇರಿಸಿದರೆ ರೈಲು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಬೋಗಿ ಕಟ್ಟಲು ಆಗುವುದಿಲ್ಲ. ಮುಂದೆ ಬಂದ ಹಲವು ವೈರಸ್ ಔಷಧಿಗಳು ಇದೇ ರೀತಿಯವು.

ಆದರೆ ನಮ್ಮ ಕೋಶಗಳೂ ಅದೇ ಬೋಗಿಗಳಿಂದಲೇ ರೈಲು ಕಟ್ಟುತ್ತವೆ. ತಪ್ಪು ಬೋಗಿ ನಮ್ಮ ಹಳಿಗೆ ಬಂದರೆ? ಎಲಿಯನ್‌ಗೆ ಈ ಪೆಟ್ಟು ಬೇಗನೇ ಬಿತ್ತು. 1948ರ ಹೊತ್ತಿಗೆ ಅವರ ತಂಡದ ಬಳಿ ಡೈಅಮಿನೊಪ್ಯೂರಿನ್ ಎಂಬ ಸಂಯುಕ್ತವಿತ್ತು. ಸಿಡುಬಿನ ಲಸಿಕೆಗೆ ಬಳಸುವ ವ್ಯಾಕ್ಸಿನಿಯಾ ವೈರಸ್ಸನ್ನು ಅದು ಲ್ಯಾಬ್‌ನಲ್ಲಿ ಚೆನ್ನಾಗಿ ತಡೆಯಿತು. ಇವತ್ತಾಗಿದ್ದರೆ ಅಷ್ಟರಲ್ಲೇ ಒಂದು ಫಾರ್ವರ್ಡ್ ಹೊರಡುತ್ತಿತ್ತು. ಆದರೆ ದೇಹದೊಳಗೆ ಹೋದಾಗ ಅದು ತೀರಾ ವಿಷವಾಗಿತ್ತು. ಎಲಿಯನ್ ವೈರಸ್ ಕೆಲಸವನ್ನೇ ಬದಿಗಿಟ್ಟರು, ಸುಮಾರು 20 ವರ್ಷ ಅದರ ಕಡೆ ತಿರುಗಲಿಲ್ಲ.

ಆ 20 ವರ್ಷ ಸುಮ್ಮನೆ ಕೂರಲಿಲ್ಲ. 1950ರ ದಶಕದ ಆರಂಭದಲ್ಲಿ ಅವರು ತಯಾರಿಸಿದ 6-ಮರ್ಕ್ಯಾಪ್ಟೊಪ್ಯೂರಿನ್‌ಗೆ 1953ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಕೆಲವೇ ತಿಂಗಳಲ್ಲಿ ಸಾಯುತ್ತಿದ್ದ ಕಾಲವದು. ಈ ಔಷಧಿ ಕೊಟ್ಟಾಗ ಮಕ್ಕಳು ಚೇತರಿಸಿಕೊಂಡರು, ಮನೆಗೆ ಹೋದರು. ಆಮೇಲೆ ಹಲವರಲ್ಲಿ ಕಾಯಿಲೆ ಮರಳಿತು. ಆ ಮಕ್ಕಳ ಸುದ್ದಿ ಎಲಿಯನ್ ಅವರನ್ನು ಹಿಂಡಿಹಾಕಿತು. ಔಷಧಿ ದೇಹದೊಳಗೆ ಹೋದ ಮೇಲೆ ಏನಾಗುತ್ತದೆ, ಎಲ್ಲಿ ಒಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂದು ಅವರು ವರ್ಷಗಟ್ಟಲೆ ಹುಡುಕಿದರು. ಇವತ್ತು ಬೇರೆ ಔಷಧಿಗಳ ಜೊತೆ ಸೇರಿಸಿ ಕೊಡುವ ಚಿಕಿತ್ಸೆಯಲ್ಲಿ ಇದಕ್ಕೆ ಈಗಲೂ ಜಾಗವಿದೆ, ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಹೆಚ್ಚಿನವರು ಗುಣವಾಗುತ್ತಾರೆ.

ಅದೇ ಹುಡುಕಾಟದಿಂದ ಕಿಡ್ನಿ ಕಸಿ ಮಾಡಿದಾಗ ದೇಹ ಅದನ್ನು ತಳ್ಳಿಹಾಕದಂತೆ ತಡೆಯುವ ಅಜಥಯೋಪ್ರಿನ್ ಬಂತು. ಯೂರಿಕ್ ಆಸಿಡ್ ಹೆಚ್ಚಾಗಿ ಕಾಲಿನ ಹೆಬ್ಬೆರಳು ಊದಿಕೊಳ್ಳುವ ಗೌಟ್ ಕಾಯಿಲೆಗೆ ಕೊಡುವ ಅಲೊಪ್ಯುರಿನಾಲ್ ಬಂತು. ಎರಡನೆಯದು ನಮ್ಮ ಪೇಟೆಯ ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಸಿಗುವ ಮಾತ್ರೆ.

ವೈರಸ್ಸೇ ಎಬ್ಬಿಸುವ ಔಷಧಿ

1960ರ ದಶಕದ ಕೊನೆಯಲ್ಲಿ ಎಲಿಯನ್ ವೈರಸ್ ಕಡೆಗೆ ಮತ್ತೆ ತಿರುಗಿದರು. ಈ ಸಲ ಅವರ ತಂಡ ಹರ್ಪಿಸ್ ವೈರಸ್‌ಗಳ ಬೆನ್ನು ಹತ್ತಿತು. 1970ರ ದಶಕದಲ್ಲಿ ಸಿಕ್ಕಿದ್ದು ಅಸೈಕ್ಲೊವಿರ್. ಅದು ನಮ್ಮ ಮಾಮೂಲಿ ಕೋಶದೊಳಗೆ ಹೋದರೆ ಹೆಚ್ಚುಕಡಿಮೆ ನಿದ್ದೆಯಲ್ಲೇ ಇರುತ್ತದೆ. ಹರ್ಪಿಸ್ ಸೋಂಕಿದ ಕೋಶಕ್ಕೆ ಹೋದರೆ, ಆ ವೈರಸ್ ತನಗಾಗಿ ಮಾಡಿಕೊಂಡ ಕಿಣ್ವವೇ ಈ ಔಷಧಿಯನ್ನು ಎಬ್ಬಿಸುತ್ತದೆ. ಎದ್ದ ಔಷಧಿ ವೈರಸ್ಸಿನ ನಕಲನ್ನು ನಿಲ್ಲಿಸುತ್ತದೆ. ಅಂದರೆ ಕಳ್ಳ ತಂದ ಕೀಲಿಯಿಂದಲೇ ಕಳ್ಳನಿಗೆ ಬೀಗ.

ಅದುವರೆಗೆ ವೈರಸ್ಸನ್ನು ಕೊಂದು ಕೋಶವನ್ನು ಉಳಿಸುವುದು ಆಗದ ಕೆಲಸ ಎಂದು ಬಹಳ ಜನ ನಂಬಿದ್ದರು. ಅಸೈಕ್ಲೊವಿರ್ ಆ ನಂಬಿಕೆಯನ್ನು ಮುರಿಯಿತು. 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಕಡೆ ಸರ್ಪಸುತ್ತು ಎಂದು ಕರೆಯುವ ಕಾಯಿಲೆಗೆ ಕಾರಣವಾದ ವೈರಸ್ ಇದೇ ಹರ್ಪಿಸ್ ಕುಟುಂಬದ್ದು. ಹಾವಿನ ಶಾಪ ಎಂದು ಕೆಮ್ಮಣ್ಣು ಹಚ್ಚಿ ಕಾಯುವವರು ಈಗಲೂ ಇದ್ದಾರೆ. ಗುಳ್ಳೆ ಕಾಣಿಸಿದ ಮೊದಲ ಮೂರು ದಿನದೊಳಗೆ ಡಾಕ್ಟರ ಬಳಿ ಹೋದರೆ, ಎಲಿಯನ್ ತಂಡದ ಈ ಮಾತ್ರೆ ಅಥವಾ ಇದರ ಬಳಗದ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ.

1983ರಲ್ಲಿ ಎಲಿಯನ್ ನಿವೃತ್ತರಾದರು. ಆದರೆ ಸಲಹೆಗಾರರಾಗಿ ಅದೇ ಲ್ಯಾಬ್‌ಗೆ ಬರುತ್ತಲೇ ಇದ್ದರು. ಹೊರಗೆ ಏಡ್ಸ್ ಎಂಬ ಹೊಸ ಕಾಯಿಲೆ ಜನರನ್ನು ಸಾಲಾಗಿ ಕೊಲ್ಲುತ್ತಿತ್ತು.

ನಾಲ್ಕು ಸಾಲಿನ ತಟ್ಟೆ

ಏಡ್ಸ್‌ಗೆ ಕಾರಣವಾದ ವೈರಸ್ ಪತ್ತೆಯಾದದ್ದು 1983ರಲ್ಲಿ. ಮರುವರ್ಷವೇ ಬರೋಸ್ ವೆಲ್ಕಮ್‌ನಲ್ಲಿ, ಎಲಿಯನ್ ಕೈಕೆಳಗೆ ಪಳಗಿದ ತಂಡ ತನ್ನ ಬಳಿಯಿದ್ದ ಸಂಯುಕ್ತಗಳನ್ನು ಪರೀಕ್ಷೆಗೆ ಹಚ್ಚಿತು. ಅಪಾಯಕಾರಿ ಎಚ್‌ಐವಿಯನ್ನು ಬೆಳೆಸುವ ಏರ್ಪಾಡು ಅಲ್ಲಿರಲಿಲ್ಲ. ಆದ್ದರಿಂದ ಅದೇ ಬಗೆಯ ಇಲಿ ವೈರಸ್‌ಗಳ ಮೇಲೆ ಮೊದಲು ನೋಡಿದರು.

ಹೀಗೆ ನೋಡಿದವುಗಳಲ್ಲಿ ಒಂದು ಎಝಡ್‌ಟಿ, ಅಂದರೆ ಜಿಡೊವುಡಿನ್. ಅದು ಹೊಸದೇನಲ್ಲ. 1964ರಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಡೆಟ್ರಾಯಿಟ್‌ನಲ್ಲಿ ಕ್ಯಾನ್ಸರ್‌ಗೆಂದು ತಯಾರಿಸಿ, ಫಲ ಕಾಣದೆ ಮೂಲೆಗಿಟ್ಟಿದ್ದ ಸಂಯುಕ್ತ. 1984ರ ನವೆಂಬರ್‌ನಲ್ಲಿ ಮಾರ್ಟಿ ಸೇಂಟ್ ಕ್ಲೇರ್ ಎಂಬ ಸಂಶೋಧಕಿ ಅದನ್ನು ಹಾಕಿದ ತಟ್ಟೆಗಳಲ್ಲಿ ವೈರಸ್ಸಿನ ಗುರುತೇ ಇರಲಿಲ್ಲ. ವೈರಸ್ ಹಾಕಲು ತಾನೇ ಮರೆತೆನೇನೋ ಎಂದು ಅವರಿಗೆ ಅನುಮಾನ ಬಂತು. ಪ್ರಯೋಗವನ್ನು ಮತ್ತೆ ಮಾಡಿದರು. ಫಲಿತಾಂಶ ಅದೇ ಆಗಿತ್ತು. ಒಳ್ಳೆಯ ಸುದ್ದಿ ಕಂಡಾಗ ಮೊದಲು ತನ್ನನ್ನೇ ಅನುಮಾನಿಸುವ ಈ ಅಭ್ಯಾಸ ನಮ್ಮ ಫಾರ್ವರ್ಡ್ ಬಟನ್ನಿಗೂ ಬಂದರೆ ಎಷ್ಟು ಚೆನ್ನ.

ಆಮೇಲೆ ಸಂಯುಕ್ತವನ್ನು ಹೆಸರು ಹೇಳದೆ, ಗುರುತಿನ ಅಕ್ಷರ ಮಾತ್ರ ಬರೆದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಕಳಿಸಿದರು. 1985ರ ಫೆಬ್ರವರಿಯಲ್ಲಿ ಅಲ್ಲಿ ಹಿರೊಆಕಿ ಮಿಟ್ಸುಯಾ ಅದನ್ನು ನಿಜವಾದ ಎಚ್‌ಐವಿ ಮೇಲೆ ಪರೀಕ್ಷಿಸಿದರು. ಎಚ್‌ಐವಿ ಸೋಂಕಿದರೆ ಬೇಗ ಸಾಯುವ ಟಿ-ಕೋಶಗಳನ್ನು ಅವರು ಬೆಳೆಸಿಕೊಂಡಿದ್ದರು.

ಇಂಥ ಪರೀಕ್ಷೆ ನಡೆಯುವುದು ಹೇಗೆ? ಪಡ್ಡು ಮಾಡುವ ಕಾವಲಿಯಂತೆ ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ಕಲ್ಪಿಸಿಕೊಳ್ಳಿ. ಗುಳಿಗಳಲ್ಲಿ ಪೋಷಕ ದ್ರವ, ಅದರಲ್ಲಿ ಜೀವಕೋಶಗಳು, ಮೈ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಶಾಖ. ಸರಳವಾಗಿ ಹೇಳಿದರೆ ನಾಲ್ಕು ಸಾಲು.

ಮೊದಲ ಸಾಲಿನಲ್ಲಿ ಬರೀ ಕೋಶಗಳು. ಇವು ಚೆನ್ನಾಗಿ ಬದುಕಿರಬೇಕು, ಇಲ್ಲದಿದ್ದರೆ ತಟ್ಟೆಯೇ ಸರಿಯಿಲ್ಲ.

ಎರಡನೇ ಸಾಲಿನಲ್ಲಿ ಕೋಶಗಳು ಮತ್ತು ವೈರಸ್. ಇಲ್ಲಿ ಕೋಶಗಳು ಸಾಯಬೇಕು, ಇಲ್ಲದಿದ್ದರೆ ವೈರಸ್ ಸರಿಯಿಲ್ಲ.

ಮೂರನೇ ಸಾಲಿನಲ್ಲಿ ಕೋಶಗಳು ಮತ್ತು ಔಷಧಿ, ವೈರಸ್ ಇಲ್ಲ. ಔಷಧಿಯೇ ಕೋಶವನ್ನು ಕೊಲ್ಲುತ್ತದೆಯೇ ಎಂದು ಗೊತ್ತಾಗುವುದು ಇಲ್ಲಿ.

ನಾಲ್ಕನೇ ಸಾಲಿನಲ್ಲಿ ಮೂರೂ ಸೇರಿ. ಬೇರೆ ಬೇರೆ ಪ್ರಮಾಣದಲ್ಲಿ ಔಷಧಿ ಹಾಕಿ, ಎಷ್ಟು ಕೋಶ ಉಳಿಯಿತು ಎಂದು ಎಣಿಸುತ್ತಾರೆ.

ನಿಮ್ಮ ಫೋನಿಗೆ ಬರುವ ಸಂದೇಶದಲ್ಲಿ ನಾಲ್ಕನೇ ಸಾಲು ಮಾತ್ರ ಇರುತ್ತದೆ. ಎಲಿಯನ್ ಬದುಕಿಡೀ ನೋಡಿದ್ದು ಮೂರನೇ ಸಾಲನ್ನು. ವೈರಸ್ ತಡೆಯಲು ಬೇಕಾದ ಪ್ರಮಾಣ ಎಷ್ಟು, ಕೋಶ ಸಾಯುವ ಪ್ರಮಾಣ ಎಷ್ಟು? ಎರಡರ ನಡುವೆ ಅಂತರ ದೊಡ್ಡದಿದ್ದಷ್ಟೂ ಆಸೆ ಇಟ್ಟುಕೊಳ್ಳಬಹುದು. ಸೈನೈಡ್‌ನಲ್ಲಿ ಆ ಅಂತರವೇ ಇಲ್ಲ. ಎಝಡ್‌ಟಿಯಲ್ಲಿ ಇತ್ತು. ಎಚ್‌ಐವಿ ತನ್ನ ನಕಲಿಗೆ ಬಳಸುವ ಕಿಣ್ವ, ನಮ್ಮ ಕೋಶದ ಮುಖ್ಯ ನಕಲು ಕಿಣ್ವಕ್ಕಿಂತ ಈ ಕೊಂಡಿಯಿಲ್ಲದ ಬೋಗಿಗೆ ಸುಮಾರು 100 ಪಟ್ಟು ಸುಲಭವಾಗಿ ಮೋಸಹೋಗುತ್ತಿತ್ತು.

ತಟ್ಟೆಯಿಂದ ಮನುಷ್ಯರಿಗೆ

ಇಷ್ಟಾದರೂ ಅದು ಔಷಧಿಯಾಗಿರಲಿಲ್ಲ. ಪ್ರಾಣಿಗಳಲ್ಲಿ ನೋಡಿದರು. 1985ರ ಜುಲೈನಲ್ಲಿ ಮೊದಲ ರೋಗಿಗೆ ಕೊಟ್ಟರು. ಆಮೇಲೆ 282 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಝಡ್‌ಟಿ, ಇನ್ನೊಂದಕ್ಕೆ ಔಷಧಿಯಿಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದರು. 1986ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ನೋಡಿದಾಗ ಖಾಲಿ ಮಾತ್ರೆಯ ಗುಂಪಿನಲ್ಲಿ 19 ಜನ ಸತ್ತಿದ್ದರು. ಎಝಡ್‌ಟಿ ಗುಂಪಿನಲ್ಲಿ ಸತ್ತವರು ಒಬ್ಬರು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಔಷಧಿ ಕೊಟ್ಟರು. 1987ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಎಚ್‌ಐವಿಗೆ ಅನುಮತಿ ಪಡೆದ ಮೊದಲ ಔಷಧಿ ಅದು.

ತಟ್ಟೆಯಲ್ಲಿ ಗೆದ್ದ ಎಲ್ಲವೂ ಹೀಗೆ ಗೆಲ್ಲಲಿಲ್ಲ. ಅದೇ ಮಿಟ್ಸುಯಾ 1984ರಲ್ಲಿ, ಆಫ್ರಿಕಾದ ನಿದ್ರಾರೋಗಕ್ಕೆ ಕೊಡುತ್ತಿದ್ದ ಸುರಾಮಿನ್ ಎಂಬ ಹಳೆಯ ಔಷಧಿ ತಟ್ಟೆಯಲ್ಲಿ ಎಚ್‌ಐವಿಯಿಂದ ಕೋಶಗಳನ್ನು ಕಾಪಾಡುತ್ತದೆ ಎಂದು ತೋರಿಸಿದ್ದರು. ರೋಗಿಗಳಿಗೆ ಕೊಟ್ಟಾಗ ಕಾಯಿಲೆ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಜೋರಾಗಿತ್ತು. 1989ರಲ್ಲಿ ನಮ್ಮ ಪಡವಲಕಾಯಿಯ ಬಳಗಕ್ಕೆ ಸೇರಿದ ಚೀನಾದ ಬಳ್ಳಿಯೊಂದರ ಗೆಡ್ಡೆಯ ಪ್ರೋಟೀನ್ ತಟ್ಟೆಯಲ್ಲಿ ಎಚ್‌ಐವಿಯನ್ನು ತಡೆಯಿತು ಎಂಬ ಸುದ್ದಿ ಬಂತು. ಸಾವು ಎದುರಿಗಿದ್ದ ರೋಗಿಗಳು ಕಾಯಲಿಲ್ಲ, ಅಮೆರಿಕದಲ್ಲಿ ಕದ್ದುಮುಚ್ಚಿ ತರಿಸಿ ಚುಚ್ಚಿಸಿಕೊಂಡರು. ಕೆಲವರು ಕೋಮಾಗೆ ಜಾರಿದರು, ಸಾವೂ ಆಯಿತು. ಅವರನ್ನು ದಡ್ಡರೆನ್ನಲು ನಮಗೆ ಮನಸ್ಸಿಲ್ಲ. ಬೇರೆ ದಾರಿ ಕಾಣದವರು ಅವರು. ಇವತ್ತು ನಮಗೆ ಬೇರೆ ದಾರಿ ಇದೆ.

ಕೋವಿಡ್ ಕಾಲವನ್ನೂ ನೆನೆಯಿರಿ. ಹೈಡ್ರಾಕ್ಸಿಕ್ಲೋರೊಕ್ವಿನ್, ಐವರ್‌ಮೆಕ್ಟಿನ್ ಎರಡೂ 2020ರಲ್ಲಿ ತಟ್ಟೆಯಲ್ಲಿ ಕೊರೊನಾ ವೈರಸ್ಸನ್ನು ತಡೆದಿದ್ದವು. ದೊಡ್ಡ ಪ್ರಯೋಗಗಳಲ್ಲಿ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ತಟ್ಟೆಯಲ್ಲಿ ಹಾಕಿದ ಐವರ್‌ಮೆಕ್ಟಿನ್ ಪ್ರಮಾಣ, ಮಾಮೂಲಿ ಮಾತ್ರೆ ನುಂಗಿದರೆ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಎಝಡ್‌ಟಿಯೂ ಪರಿಪೂರ್ಣವಲ್ಲ. ಆಗ ಕೊಡುತ್ತಿದ್ದ ದೊಡ್ಡ ಪ್ರಮಾಣದಲ್ಲಿ ಅದು ಅಸ್ಥಿಮಜ್ಜೆಗೆ ಏಟು ಕೊಟ್ಟು ರಕ್ತಹೀನತೆ ತರುತ್ತಿತ್ತು. ವರ್ಷಕ್ಕೆ ಸುಮಾರು 10,000 ಡಾಲರ್ ಬೆಲೆ ಇಟ್ಟದ್ದಕ್ಕೆ ಕಂಪನಿ ಜನರ ಸಿಟ್ಟಿಗೂ ಗುರಿಯಾಯಿತು. ಒಂದೇ ಔಷಧಿ ಕೊಟ್ಟರೆ ವೈರಸ್ ರೂಪ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತಿತ್ತು. 1996ರ ಹೊತ್ತಿಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲೆಯೇ ಸಾವುಗಳು ನಿಜವಾಗಿ ಇಳಿದದ್ದು. ಆದರೂ ಗರ್ಭಿಣಿಗೆ ಮತ್ತು ಹುಟ್ಟಿದ ಕೂಸಿಗೆ ಎಝಡ್‌ಟಿ ಕೊಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವುದು ನೂರಕ್ಕೆ ಸುಮಾರು 25ರಿಂದ 8ಕ್ಕೆ ಇಳಿಯುತ್ತದೆ ಎಂದು 1994ರಲ್ಲಿ ತೋರಿಸಿಕೊಟ್ಟದ್ದು ಸಣ್ಣ ಮಾತಲ್ಲ.

1988ರಲ್ಲಿ ಎಲಿಯನ್, ಹಿಚಿಂಗ್ಸ್ ಮತ್ತು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎಝಡ್‌ಟಿಯನ್ನು ಎಲಿಯನ್ ಒಬ್ಬರೇ ಕಂಡುಹಿಡಿದರು ಎಂದು ಬರೆಯುವ ಪೋಸ್ಟ್‌ಗಳೂ ಓಡಾಡುತ್ತವೆ. ಅದು ಸರಿಯಲ್ಲ. ತಯಾರಿಸಿದವರು ಹಾರ್ವಿಟ್ಜ್, ಎಚ್‌ಐವಿಗೆ ಆಗುತ್ತದೆ ಎಂದು ಕಂಡವರು ಎಲಿಯನ್ ಪಳಗಿಸಿದ ತಂಡ ಮತ್ತು ಕ್ಯಾನ್ಸರ್ ಸಂಸ್ಥೆಯವರು. ಎಲಿಯನ್ ಕೂಡ ಆ ಶ್ರೇಯಸ್ಸು ತಮ್ಮ ತಂಡದ್ದು ಎಂದೇ ಹೇಳುತ್ತಿದ್ದರು. 1999ರ ಫೆಬ್ರವರಿ 21ರಂದು, 81ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಊರಿಗೆ ಬಂದ ಬಗೆ

ಅಮೆರಿಕದಲ್ಲಿ 282 ರೋಗಿಗಳ ಪ್ರಯೋಗ ನಡೆಯುತ್ತಿದ್ದ 1986ರಲ್ಲೇ ಭಾರತದಲ್ಲಿ ಎಚ್‌ಐವಿ ಮೊದಲ ಬಾರಿಗೆ ಪತ್ತೆಯಾಯಿತು. ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳ ಪರೀಕ್ಷೆ ನಡೆದದ್ದು ವೆಲ್ಲೂರಿನ ಸಿಎಂಸಿಯಲ್ಲಿ. ದೊಡ್ಡ ಕಾಯಿಲೆ ಎಂದರೆ ವೆಲ್ಲೂರಿಗೆ ಹೊರಡುವ ನಮ್ಮ ಕೋಲಾರದವರಿಗೆ ಅದು ದೂರದ ಊರೇನಲ್ಲ. ಆಗ ರೋಗ ಹಿಡಿಯುವ ಪರೀಕ್ಷೆ ಇತ್ತು, ಕೊಡಲು ಮಾತ್ರೆ ಇರಲಿಲ್ಲ.

2001ರಲ್ಲಿ ಭಾರತದ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಹೇಳಿ ಜಗತ್ತಿನ ಲೆಕ್ಕವನ್ನೇ ಬದಲಿಸಿತು. 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಇವತ್ತು ಹೆಚ್ಚಿನವರಿಗೆ ಮೂರು ಔಷಧಿಗಳು ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಹಣವಿಲ್ಲದೆ ಸಿಗುತ್ತದೆ. ತಪ್ಪದೆ ತೆಗೆದುಕೊಂಡವರು ಉಳಿದವರಂತೆಯೇ ದುಡಿದು, ಮಕ್ಕಳನ್ನು ಬೆಳೆಸಿ ಬಾಳುತ್ತಿದ್ದಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಅದು ಹರಡುವುದಿಲ್ಲ. ಆದರೆ ಈ ಮಾತ್ರೆಗಳು ವೈರಸ್ಸನ್ನು ಅಡಗಿಸಿಡುತ್ತವೆ, ಬೇರುಸಹಿತ ಕೀಳುವುದಿಲ್ಲ. ಆದ್ದರಿಂದಲೇ ನಿಲ್ಲಿಸಬಾರದು.

ಇನ್ನೊಂದು ಸಲ ಲ್ಯಾಬ್‌ನಲ್ಲಿ ಎಚ್‌ಐವಿ ನಾಶ ಎನ್ನುವ ಸಂದೇಶ ಬಂದರೆ ಇಷ್ಟು ಕೇಳಿನೋಡಿ. ಅದು ತಟ್ಟೆಯಲ್ಲೋ, ಮನುಷ್ಯರಲ್ಲೋ? ವೈರಸ್ ಇಲ್ಲದ ಕೋಶಗಳ ಮೇಲೆ, ಅಂದರೆ ಮೂರನೇ ಸಾಲಿನಲ್ಲಿ ಏನಾಯಿತು? ಅಷ್ಟು ಪ್ರಮಾಣ ತಿಂದರೆ ಅಥವಾ ಕುಡಿದರೆ ರಕ್ತಕ್ಕೆ ಸೇರುತ್ತದೆಯೇ? ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡಿದರೇ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ. ಅನುಮಾನವಿದ್ದರೆ 1097ಕ್ಕೆ ಕರೆ ಮಾಡಬಹುದು, ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಉಚಿತ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ, ಸಲಹೆ ಎರಡೂ ಉಚಿತ, ವಿಷಯ ಗುಟ್ಟಾಗಿರುತ್ತದೆ.

ಗುಂಪಿನಲ್ಲಿ ಸುಮ್ಮನೆ ಓದುತ್ತಿರುವ ಆ ಒಬ್ಬರಿಗೆ ನಾವು ಮಾಡಬಹುದಾದ ಉಪಕಾರ ಇಷ್ಟೇ. ಇವತ್ತು ರಾತ್ರಿಯ ಮಾತ್ರೆಯನ್ನು ಅವರು ಎಂದಿನಂತೆ ನುಂಗಲಿ.